ನಲವತ್ತೊಂದನೇ ಪಟ್ಟಿ

ನಮ್ಮದು ಅಂಟು ತಯಾರಿಸುವ ಕಾರ್ಖಾನೆ. ಮೇಲಿನ ಮಹಡಿಯ ಸಂಶೋಧನೆ ಕೋಣೆಯಲ್ಲಿ ಬಾಟಲಿ ತೊಳೆಯುವುದು, ನೆಲ ಒರೆಸುವುದು ನನ್ನ ಕೆಲಸ. ಅಲ್ಲಿ ಹೊಸ ಅಂಟು ಹುಡುಕುವವಳು ಒಬ್ಬಳೇ. ಎಲ್ಲರಿಗೂ ಅವಳು ವಿಜ್ಞಾನಿ, ನನಗೆ ಮೊಮ್ಮಗಳ ಹಾಗೆ. ಪ್ರತಿ ಹೊಸ ಅಂಟಿಗೂ ಗೋಡೆಗೆ ಒಂದು ಮರದ ಪಟ್ಟಿ ಬಡಿದು, ಅದಕ್ಕೆ ಇನ್ನೊಂದನ್ನು ಅಂಟಿಸಿ, ಚೀಟಿ ಹಚ್ಚುತ್ತಿದ್ದಳು. ಮೂರು ದಿನದಲ್ಲಿ ಗಟ್ಟಿಯಾಗದಿದ್ದರೆ ‘ಸೋತಿತು’ ಎಂದು ಬರೆದು ಮುಂದಿನದಕ್ಕೆ ಹೋಗಬೇಕು. ಆ ಮೂರು ದಿನದ ಕಟ್ಟಳೆ ಯಜಮಾನರದು.

ಅಂದು ಯಜಮಾನರು ಬೀಗ ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು.

“ಆರು ವರ್ಷ ಇಲ್ಲಿ ಸುರಿದದ್ದರಲ್ಲಿ ಇನ್ನೊಂದು ಕಾರ್ಖಾನೆ ಎದ್ದು ನಿಲ್ತಿತ್ತಮ್ಮ. ಬಂದದ್ದೇನು? ಗೋಡೆ ತುಂಬ ಕಟ್ಟಿಗೆ!”

“ಇನ್ನೊಂದು ವರ್ಷ ಕೊಡಿ ಸಾರ್.”

“ಹೋದ ವರ್ಷಾನೂ ಇದೇ ರಾಗ. ನಾಳೆಯಿಂದ ಇದು ಗೋದಾಮು.”

ಅವಳ ಮುಖ ಸಣ್ಣದಾಯಿತು. ನನಗಾದರೂ ಇನ್ನೇನು ಕೆಲಸ? ಮೂಲೆಯಿಂದ ಚೀಲ ಇಳಿಸಿಕೊಂಡೆ. ಊಟದ ಡಬ್ಬಿ, ನೀರು, ಕೊಡೆ, ರಾತ್ರಿ ಶಾಲೆಯ ಪುಸ್ತಕಗಳು; ಹೆಗಲು ಕಿತ್ತುಬರುವಷ್ಟು ಭಾರ.

“ಅಜ್ಜೀ, ಅದನ್ನ ಎಲ್ಲಿ ನೇತುಹಾಕಿದ್ರಿ?” ಅವಳು ಚೀಲವನ್ನೇ ನೋಡುತ್ತ ಕೇಳಿದಳು.

“ಈ ಪಟ್ಟಿಗೆ. ಮೇಲೆ ಅಂಟಿಸಿದ್ದರಲ್ಲಿ ತೂತು ಇತ್ತಲ್ಲ, ಕೊಕ್ಕೆ ಸಿಕ್ಕಿಸ್ಕೊಂಡೆ. ಸೋತಿದ್ದು ತಾನೇ? ಮೊದಲು ಒರೆಸೋ ಬಟ್ಟೆ ಹಾಕ್ತಿದ್ದೆ, ಆಮೇಲೆ ಚೀಲ. ತಪ್ಪಾಯ್ತೇನವ್ವ?”

“ಎಷ್ಟು ದಿನದಿಂದ?”

“ದಿನವೇನು ಬಂತು, ಮೂರು ವರ್ಷ.”

ಅವಳು ಚೀಟಿ ಓದಿದಳು: ‘ನಲವತ್ತೊಂದು. ಮೂರನೇ ದಿನವೂ ಜಿಗುಟು. ಸೋತಿತು.’

“ಅಜ್ಜಿ ಚೀಲಕ್ಕೊಂದು ಗೂಟ ಆಯ್ತು ಬಿಡಿ!” ಎಂದು ನಕ್ಕು ಯಜಮಾನರು ಪಟ್ಟಿಯನ್ನು ಜಗ್ಗಿದರು. ಜಪ್ಪಯ್ಯ ಎನ್ನಲಿಲ್ಲ. ಕೋಟು ಕಳಚಿದರು. ಗೋಡೆಗೆ ಕಾಲು ಕೊಟ್ಟು ಎರಡೂ ಕೈಯಿಂದ ಎಳೆದರು. ಚಟಾರೆಂದು ಸದ್ದಾಗಿ, ಪಟ್ಟಿಯ ಸಮೇತ ಹಿಂದಕ್ಕೆ ಬಿದ್ದರು.

“ನೋಡಿ, ಬಂತಲ್ಲ!”

ಅವಳು ಗೋಡೆಯ ಹತ್ತಿರ ಬಾಗಿದಳು. ಬೆರಳಿನಿಂದ ಮುಟ್ಟಿ ನೋಡಿದಳು.

“ಸಾರ್, ಬಿಟ್ಟುಬಂದದ್ದು ಅಂಟಲ್ಲ. ಮರ ಸೀಳಿದೆ.”

ನಾನೂ ಕಂಡೆ. ಗೋಡೆಯ ಪಟ್ಟಿಯ ಒಂದು ಪದರವೇ ಯಜಮಾನರ ಕೈಗೆ ಬಂದಿತ್ತು. ನಡುವೆ ಕೂದಲೆಳೆಯಷ್ಟು ಅಂಟು, ಕದಲದೆ ಕೂತಿತ್ತು. ದಿನಾ ಧೂಳು ಹೊಡೆದವಳು ನಾನು. ನಮ್ಮ ಬೆನ್ನ ಹಿಂದೆ ಅದು ಸದ್ದಿಲ್ಲದೆ ತನ್ನ ಕೆಲಸ ಮುಗಿಸಿತ್ತು.

ಯಜಮಾನರು ನೆಲದ ಮೇಲೆ ಕೂತೇ ಗೋಡೆಯುದ್ದಕ್ಕೂ ಕಣ್ಣಾಡಿಸಿದರು. ಸಾಲುಸಾಲು ಪಟ್ಟಿ, ಸಾಲುಸಾಲು ‘ಸೋತಿತು’.

“ಮೂರು ದಿನ ಅಂದವನು ನಾನೇ” ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ, “ಅಜ್ಜೀ, ಇನ್ಯಾವುದಕ್ಕೆ ಏನೇನು ತೂಗಿಹಾಕಿದ್ದೀರಿ?”

“ಆ ಕೊನೇದಕ್ಕೆ ಪೊರಕೆ.”

ಬೀಗವನ್ನು ಅಲ್ಲೇ ನೆಲದ ಮೇಲೆ ಬಿಟ್ಟು, ಮಲಗಿದ ಮಗು ಎದ್ದೀತೆಂಬಂತೆ ಹೆಜ್ಜೆಯಿಡುತ್ತ, ಅವರಿಬ್ಬರೂ ನನ್ನ ಪೊರಕೆಯ ಕಡೆ ನಡೆದರು.