ಹತ್ತಕ್ಕೊಂದು ಕೊಸರು

"ದೂರ ನಿಲ್ಲೇ, ನಾತ ಹೊಡೀತದೆ. ಪರೀಕ್ಷೆಗ್ ಬರೂವಾಗಾದ್ರೂ ಮಿಂದ್ಕಂಡ್ ಬರೂಕೆ ಆಗುದಿಲ್ವಾ ನಿಮ್ಗೆ?"

ಸುಧಾಕರ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಪ್ರಶ್ನೆಪತ್ರಿಕೆ ಹಂಚಿದ. ಕುಮಟೆಯ ಹೊಸ ಮೀನುಪೇಟೆಯ ಗುತ್ತಿಗೆದಾರನಿಗೆ ಅವನು ಮ್ಯಾನೇಜರ್. ಗೇಟಿನ ಒಳಗೆ ಕೂತು ಮೀನು ಮಾರಲು ಹತ್ತು ಕಟ್ಟೆಗಳು. ಹೊರಗೆ ಬಿಸಿಲಿನಲ್ಲಿ ಬುಟ್ಟಿ ಇಳಿಸಿಕೊಂಡು ನಾವು ಹನ್ನೆರಡು ಹೆಂಗಸರು. ನಾವು ಕೂರುತ್ತಿದ್ದ ಹಳೆಯ ಪೇಟೆಯನ್ನು ಕೆಡವಿಯಾಗಿತ್ತು. ಲೆಕ್ಕದಲ್ಲಿ ಪಾಸಾದವರಿಗೆ ಮಾತ್ರ ಕಟ್ಟೆ ಎಂಬುದು ಗುತ್ತಿಗೆದಾರನ ಹೊಸ ಕಾನೂನು.

ಓದಲು ಬಾರದವರಿಗಾಗಿ ಅವನೇ ಪ್ರಶ್ನೆ ಓದಿದ. ಒಬ್ಬಳು ಬಂಗಡೆ, ತಾರ್ಲೆ ಸೇರಿ ಐವತ್ತು ಮೀನು ಮಾರಿದಳು. ಬಂಗಡೆ ಒಂದಕ್ಕೆ ಇಪ್ಪತ್ತು ರೂಪಾಯಿ, ತಾರ್ಲೆಗೆ ಐದು. ಒಟ್ಟು ನಾನೂರು ಬಂತು. ಬಂಗಡೆ ಎಷ್ಟು?

"ಬಂಗಡೆಯನ್ನ ಎಕ್ಸ್ ಅಂತ ತಿಳ್ಕೊಳ್ಳಿ."

"ಬಂಗಡೆ ಅಂತ್ಲೇ ತಿಳ್ಕಂಡ್ರೆ ಎಂತ ಆಗ್ತದ್ರಾ?" ಎಂದಳು ಕಮಲಿ.

"ಬಾಯಿ ಮುಚ್ಚೇ, ಬೋಳಿ!"

ನಾಗು ಪೆನ್ನು ಮುಟ್ಟಲಿಲ್ಲ. "ಎಲ್ಲಾ ತಾರ್ಲೆ ಅಂತ ಹಿಡೀರಿ. ಇನ್ನೂರೈವತ್ತಾತು. ಇನ್ನು ನೂರೈವತ್ತು ಬೇಕು. ಒಂದೊಂದು ಬಂಗಡೆಗೆ ಹದಿನೈದು ಹೆಚ್ಚು. ಹತ್ತಾತು."

ಸುಧಾಕರ ಕೈಯಲ್ಲಿದ್ದ ಉತ್ತರದ ಹಾಳೆ ನೋಡಿದ. ಅಲ್ಲಿ ಅದೇ ಹತ್ತು ತಲುಪಲು ಅರ್ಧ ಪುಟ ಹಿಡಿದಿತ್ತು. ಅವನು ಪೆನ್ನು ಎತ್ತಿದ. ಒಂದು ಕಟ್ಟೆ ಸಿಕ್ಕಿತು ಎಂದುಕೊಂಡೆವು.

"ಮೇಲೊಂದು ಕೊಸರು," ಎಂದಳು ನಾಗು. "ಹನ್ನೊಂದು ಬರ್ಕೊಳ್ರಾ."

"ತಪ್ಪು."

"ತಪ್ಪೆಂತದು? ಹತ್ತು ತಕಂಡವ್ರನ್ನ ಒಂದು ಮೇಲೆ ಹಾಕ್ದೇ ಕಳ್ಸೂಕೆ ಆಗ್ತದ್ಯಾ? ಯಾರ ಮನೆ ಪದ್ಧತಿ ಅದು?"

ಆಮೇಲೆ ಕಮಲಿ. ಅವಳೂ ಹನ್ನೊಂದು ಎಂದಳು. ಜಯಂತಿ ಹತ್ತನೇ ತರಗತಿ ಓದಿದವಳು. ಎಕ್ಸ್ ಬರೆದು, ಸಮೀಕರಣ ಬಿಡಿಸಿ, ಹತ್ತು ತಂದು, ಕೆಳಗೆ ಗೆರೆ ಎಳೆದು ಒಂದು ಕೂಡಿಸಿದಳು. ಉಳಿದವರೂ ಹನ್ನೊಂದೇ ಎಂದರು. ಕೊನೆಗೆ ನನ್ನ ಸರದಿ. ಹತ್ತು ಎಂದರೆ ನನಗೊಂದು ಕಟ್ಟೆ. ತಿರುಗಿ ಹಿಂದಿದ್ದವರನ್ನೊಮ್ಮೆ ನೋಡಿದೆ.

"ಹನ್ನೊಂದು," ಎಂದೆ.

"ಕಾಪಿ! ಹನ್ನೆರಡೂ ರಂಡೆಯರು ಕಾಪಿ ಹೊಡ್ದಿದ್ದು! ಎಲ್ಲಾ ಫೇಲ್. ಹತ್ತೂ ಕಟ್ಟೆ ಪ್ರವೀಣಂಗೆ."

ಪ್ರವೀಣ ಅವನ ಹೆಂಡತಿಯ ತಮ್ಮ. ಬಿ.ಕಾಂ. ಮಾಡಿದ್ದ. ಅವನೂ ಅದೇ ಪರೀಕ್ಷೆಗೆ ಕೂತು ಹತ್ತು ಎಂದು ಬರೆದಿದ್ದ.

"ಅವಂಗೆ ಮೀನಿನ ತಲೆ ಯಾವ್ದು ಬಾಲ ಯಾವ್ದು ಕೇಳಾ, ಹಲ್ಕಟ್ ಬೋಳಿಮಗ್ನೆ!" ಎಂದು ನಾಗು ಬುಟ್ಟಿ ತಲೆಗೇರಿಸಿ ಒಳಗೆ ನಡೆದು ಮೊದಲನೇ ಕಟ್ಟೆಯಲ್ಲಿ ಕೂತೇಬಿಟ್ಟಳು. ನಾವೂ ನುಗ್ಗಿದೆವು. ಹತ್ತು ಕಟ್ಟೆಗಳಲ್ಲಿ ಹನ್ನೆರಡು ಜನ ಒತ್ತಿ ಕೂತೆವು.

ಸುಧಾಕರ ಬೊಬ್ಬೆ ಹೊಡೆದ. ಕೊನೆಗೆ ಹೊರಗಿನಿಂದ ಗೇಟಿಗೆ ಬೀಗ ಜಡಿದು ಪೊಲೀಸರಿಗೆ ಫೋನು ಮಾಡಿದ.

ಅವರಿಗಿಂತ ಮೊದಲು ಗಿರಾಕಿಗಳು ಬಂದರು. ಬೀಗ ನೋಡಿದರು, ನಮ್ಮನ್ನು ನೋಡಿದರು. ಒಬ್ಬ ಮುದುಕ ಸರಳುಗಳ ಸಂದಿಯಿಂದ ಚೀಲ ತೂರಿಸಿದ. "ತಾರ್ಲೆ ಹ್ಯಾಂಗೇ, ನಾಗೂ?"

ನಾಗು ಕೆಳಗಿಳಿಯಲಿಲ್ಲ. ಇಳಿದರೆ ಜಾಗ ಹೋದೀತು. ಮೀನು ಕೈಯಿಂದ ಕೈಗೆ ದಾಟುತ್ತ ಗೇಟಿನ ಕಡೆ ಹೊರಟಿತು. ಅಷ್ಟರಲ್ಲಿ ಜೀಪು ಬಂದು ನಿಂತಿತು. ಲಾಠಿ ಹಿಡಿದು ಇಳಿದವನು ಸಾಲು ನಿಂತಿದ್ದ ಜನರನ್ನು ತಳ್ಳಿಕೊಂಡು ಮುಂದೆ ಬಂದ.

ಮುದುಕ ತಿರುಗಿಯೂ ನೋಡದೆ ಹೇಳಿದ:

"ಸಾಲಲ್ಲಿ ನಿಲ್ರಾ."