ಫಾರ್ಮಿನಲ್ಲಿ ಬರೆದ ‘ಇಲ್ಲ’

ದಾಸನಕೊಪ್ಪದ ಶಾಲೆಯ ಮೈದಾನದಲ್ಲಿ ನಿವೃತ್ತ ಹವಾಲ್ದಾರ ಚಂದ್ರಶೇಖರಪ್ಪ ಊರ ಹುಡುಗರನ್ನು ಸೇನಾ ಭರ್ತಿಗೆ ತಯಾರು ಮಾಡುತ್ತಿದ್ದರು. ಮೂರು ವರ್ಷಗಳಿಂದ ಒಬ್ಬನೂ ಆಯ್ಕೆಯಾಗಿರಲಿಲ್ಲ. ಈ ಸಲ ಅವರಿಗಿದ್ದ ಆಸೆಯೆಲ್ಲ ಸಿದ್ದವ್ವನ ಮಗ ಬೀರನ ಮೇಲೆ. ಅವನು ಓಡಲು ನಿಂತರೆ ಉಳಿದವರು ಎರಡನೆಯ ಸ್ಥಾನಕ್ಕಷ್ಟೇ ಪೈಪೋಟಿ ಮಾಡುತ್ತಿದ್ದರು.

ವೈದ್ಯಕೀಯ ತಪಾಸಣೆಗೆ ನಾಲ್ಕು ದಿನವಿದ್ದಾಗ ಬೀರ ಆಸ್ಪತ್ರೆಯ ಫೈಲು ಹಿಡಿದು ಅವರ ಮನೆಗೆ ಬಂದ. ಎರಡು ವರ್ಷದ ಹಿಂದೆ ಅವನಿಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ದೊಡ್ಡ ಕರುಳಿನಲ್ಲಿ ಹುಣ್ಣಾಗಿದೆ, ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ಮಾತ್ರೆ ಮಾತ್ರ ತಪ್ಪಿಸಬೇಡ ಎಂದಿದ್ದರು ಹುಬ್ಬಳ್ಳಿಯ ಡಾಕ್ಟರು.

“ಫಾರ್ಮಿನ್ಯಾಗ ಹಳೇ ರೋಗ ಏನರ ಐತೇನು ಅಂತ ಕೇಳ್ಯಾರ್ರಿ ಸರ. ಏನಂತ ಬರೀಲಿ?”

ಚಂದ್ರಶೇಖರಪ್ಪ ಫೈಲು ತೆರೆಯಲಿಲ್ಲ. “ಈಗ ತ್ರಾಸೈತೇನು?”

“ಮಾತ್ರಿ ತಗೊಂಡ್ರ ಏನೂ ಇಲ್ರಿ.”

“ಹಂಗಾರ ಇಲ್ಲ ಅಂತ ಬರಿ. ಖರೇ ಹೇಳಿದ್ರ ಅಲ್ಲಿಂದನ ವಾಪಸ್ ಕಳಸ್ತಾರ.”

ಬೀರ ಫೈಲನ್ನು ತೊಡೆಯ ಮೇಲಿಟ್ಟುಕೊಂಡ. “ಅವ್ವನ್ನ ಒಂದ್ ಮಾತ ಕೇಳ್ಲೇನ್ರಿ?”

“ಆಕಿಗೇನ್ ತಿಳೀತೈತಿ? ಸುಮ್ನ ಗಾಬರಿ ಆಗ್ತಾಳ.”

ಬೀರ ಆಯ್ಕೆಯಾದ. ಮಗ ಎಲ್ಲವನ್ನೂ ಹೇಳಿಯೇ ಸೇರಿದ್ದಾನೆಂದು ಸಿದ್ದವ್ವ ನಂಬಿದಳು.

ತರಬೇತಿ ಕೇಂದ್ರದಲ್ಲಿ ಪೆಟ್ಟಿಗೆ ತಪಾಸಣೆ ಮಾಡುತ್ತಾರೆಂದು ಗೊತ್ತಾದಾಗ ಬೀರ ಹೆದರಿ ಮಾತ್ರೆಗಳನ್ನು ಎಸೆದುಬಿಟ್ಟ. ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೊಂದು ಭಾನುವಾರ ಚಂದ್ರಶೇಖರಪ್ಪನವರಿಗೆ ಫೋನ್ ಮಾಡಿದ.

“ಸರ, ಮತ್ತ ರಕ್ತ ಹೊಂಟೈತ್ರಿ. ದಿನಾ ಹತ್ತು ಸಲ ಹೋಗ್ಬೇಕಾಗೇತಿ. ಇಲ್ಲಿ ಡಾಕ್ಟರಿಗೆ ಹೇಳ್ಲೇನ್ರಿ?”

“ಇಷ್ಟು ದಿನ ತಡಕೊಂಡೀಯಲ್ಲ. ಇನ್ನ ಸ್ವಲ್ಪ ದಿನ ತಡಕೊ.”

ಬೀರ ಮೂರು ವಾರ ತಡೆದುಕೊಂಡ. ಹೊಟ್ಟೆ ಹಿಡಿದುಕೊಂಡೇ ಓಡಿದ, ಶೌಚಕ್ಕೆ ಹೋಗಬೇಕಾಗುತ್ತದೆಂದು ಊಟ ಬಿಟ್ಟ. ಕಡೆಗೊಂದು ಬೆಳಿಗ್ಗೆ ಓಟದ ನಡುವೆಯೇ ಕುಸಿದುಬಿದ್ದ. ಸೇನಾ ಆಸ್ಪತ್ರೆಯಲ್ಲಿ ಅವನ ದೊಡ್ಡ ಕರುಳನ್ನೇ ತೆಗೆಯಬೇಕಾಯಿತು. ಮಲ ಹೋಗಲು ಹೊಟ್ಟೆಯ ಪಕ್ಕದಲ್ಲಿ ಒಂದು ಚೀಲ ಅಂಟಿಸಿದರು. ಕಾಯಿಲೆ ಮುಚ್ಚಿಟ್ಟು ಸೇರಿದವನೆಂದು ಕಾಗದದಲ್ಲಿ ಬರೆದು ಮನೆಗೆ ಕಳಿಸಿದರು.

ಚಂದ್ರಶೇಖರಪ್ಪ ಅವನನ್ನು ನೋಡಲು ಹೋಗುವಷ್ಟರಲ್ಲಿ ತಿಂಗಳಾಗಿತ್ತು. ಬೀರ ಒಳಗೆ ಮಲಗಿದ್ದ. ಸಿದ್ದವ್ವ ಚಹಾ ತಂದುಕೊಟ್ಟಳು.

“ಅಂವ ಯಾರ ಮಾತು ಕೇಳ್ಯಾನ್ರಿ? ಎಲ್ಲಾರಿಗೂ ಮುಚ್ಚಿಟ್ಟು ಹೋದ. ಪಾಪ, ನಿಮಗೂ ಹೇಳ್ಲಿಲ್ಲಂತ.”

ಬೀರ ತಾಯಿಗೆ ಹೀಗೆ ಹೇಳಿದ್ದಾನೆಂದು ತಿಳಿದು ಚಂದ್ರಶೇಖರಪ್ಪ ಚಹಾ ಕೆಳಗಿಟ್ಟರು. “ನನಗ ಹೇಳಿದ್ದ ಸಿದ್ದವ್ವ. ಇಲ್ಲ ಅಂತ ಬರಿ ಅಂದಾಂವ ನಾನು. ನಿನ್ನ ಕೇಳ್ತೀನಿ ಅಂದ, ಬ್ಯಾಡ ಅಂದೆ. ಫೋನ್ ಮಾಡ್ದಾಗ ತಡಕೊ ಅಂದಾಂವನೂ ನಾನ.”

ಸಿದ್ದವ್ವ ಚಹಾದ ಲೋಟ ಎತ್ತಿಕೊಂಡಳು. “ರೋಗ ಮುಚ್ಚಿಡ್ಲೇನು ಅಂತ ನನ್ನ ಕೇಳಿದ್ರ ನಾ ಕಳಸ್ತಿರ್ಲಿಲ್ರಿ,” ಎಂದಷ್ಟೇ ಹೇಳಿ ಹಿತ್ತಲಿಗೆ ನಡೆದಳು.

ಬೀರ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತ. ಅಂಗಿ ಅವನಿಗೆ ಬಹಳ ದೊಡ್ಡದಾಗಿತ್ತು.

“ಯಾಕ ಹೇಳಿದ್ರಿ ಸರ? ನನ್ನ ಮ್ಯಾಲ ಸಿಟ್ಟಿದ್ಲು, ಇರ್ಲಿ ಅಂತ ಬಿಟ್ಟಿದ್ದೆ. ಇನ್ನ ‘ನನ್ನ ಒಂದ್ ಮಾತ ಕೇಳಿದ್ರ ಉಳೀತಿದ್ದ’ ಅಂತ ದಿನಾ ನೆನಸ್ಕೊಂಡು ಅಳ್ತಾಳ.”

ಹಿತ್ತಲಿನಲ್ಲಿ ಆಕೆ ಆಗಲೇ ಅಳುತ್ತಿದ್ದಳು. ಕೈಮುಗಿದು ಹೊರಡಬೇಕೋ, ಇನ್ನಷ್ಟು ಹೊತ್ತು ಕೂರಬೇಕೋ ತಿಳಿಯದೆ ಚಂದ್ರಶೇಖರಪ್ಪ ಜಗಲಿಯ ಮೇಲೆ ಕೂತೇ ಇದ್ದರು.