ಬಸ್ಸಾದವನ ಕಲ್ಲು

"ಹೊಂಡಕ್ಕೆ ಇಳಿದ ಕೂಡಲೇ ಕಿವಿಯೂ ಸತ್ತುಹೋಯ್ತಾ ನಿಂದು, ಬೇವರ್ಸಿ? ಐದು ಗಂಟೆಗೆ ಹೆಣ ಬರ್ತದೆ. ನೀನು ನಿನ್ನ ಅಪ್ಪನಿಗೆ ತೋಡುವ ಹಾಗೆ ನಾಜೂಕು ಮಾಡ್ತಾ ಕೂತಿದ್ದೀಯಲ್ಲ."

ಗುಂಡಿಯ ಅಂಚಿನಲ್ಲಿ ನಿಂತು ಹೀಗೆ ಕೂಗಿದವರು ಗ್ಲಾಡ್ವಿನ್ ಪೊರ್ಬುಗಳು. ಊರಿನಲ್ಲಿ ಕ್ರಿಸ್ತುವರ ಗಂಡಸರನ್ನು ಗುಂಡಿಯೊಳಗಿದ್ದ ಕೊಗ್ಗನ ಜಾತಿಯವರು ಪೊರ್ಬುಗಳು ಎಂದೇ ಕರೆಯುವುದು. ಕಡಲು ದಾಟಿ ಮಸ್ಕತ್ತಿಗೆ ಬಂದ ಮೇಲೂ ಆ ಮಾತು ಕೊಗ್ಗನ ಬಾಯಿ ಬಿಟ್ಟಿರಲಿಲ್ಲ.

"ಅಡಿಯಲ್ಲಿ ಬರೀ ಪಾದೆಕಲ್ಲು, ಪೊರ್ಬುಗಳೇ. ಹಾರೆ ಹಿಂದೆ ಹಾರ್ತದೆ," ಎಂದ ಕೊಗ್ಗ, ತಲೆ ಎತ್ತದೆ.

"ಪಾದೆಯೋ ಗೀದೆಯೋ. ನಾಲ್ಕು ಅಡಿಯಾದ್ರೂ ಮುಗಿಸು. ಮೀನು ಹೂಳುವಷ್ಟು ತೋಡಿ ಬಿಡಬೇಡ."

ಅದು ಎಂಬತ್ತೆಂಟನೇ ಇಸವಿಯ ಮಾರ್ಚ್ ತಿಂಗಳು. ಎಣ್ಣೆಯ ಬೆಲೆ ಬಿದ್ದು ಎರಡು ವರ್ಷವಾಗಿತ್ತು. ಅರ್ಧ ಎದ್ದ ಕಟ್ಟಡಗಳು ಕಂಬಿ ಚಾಚಿಕೊಂಡು ನಿಂತಿದ್ದವು, ಕ್ಯಾಂಪುಗಳಿಗೆ ಬೀಗ ಬಿದ್ದಿತ್ತು, ವಿಮಾನಗಳ ತುಂಬ ಕೆಲಸ ಕಳಕೊಂಡವರೇ ಊರಿಗೆ ಹೋಗುತ್ತಿದ್ದರು. ಕಾರ್ಕಳದ ಕಡೆಯ ಕಲ್ಲುಕುಟಿಗ ಕೊಗ್ಗನೂ ಹೋಗಬೇಕಿತ್ತು. ಆದರೆ ಅವನ ಕಂಪನಿಯ ಪರ್ಚೇಸ್ ಮ್ಯಾನೇಜರ್ ಗ್ಲಾಡ್ವಿನ್ ಪೊರ್ಬುಗಳೇ ಚರ್ಚಿನ ಕಮಿಟಿಗೂ ಅಧ್ಯಕ್ಷರು. ಅವರು ಕೊಗ್ಗನನ್ನು ಚರ್ಚಿಗೆ ಕೊಟ್ಟುಬಿಟ್ಟರು. ಅಂಗಳ ಗುಡಿಸುವುದು, ಗುಂಡಿ ತೋಡುವುದು, ಗೋರಿಯ ಕಲ್ಲಿನ ಮೇಲೆ ಹೆಸರು ಕೆತ್ತುವುದು ಅವನ ಕೆಲಸ. ಮಲಗಲು ಹಿಂಬದಿಯಲ್ಲಿ ತಗಡಿನ ಕ್ಯಾಬಿನ್. ಹಬ್ಬದ ದಿನ ಚರ್ಚಿನ ಸಭಾಂಗಣದಲ್ಲಿ ಎಲ್ಲರ ಊಟವಾದ ಮೇಲೆ ಅವನ ಪಾಲು ಹಿಂಬಾಗಿಲಿಗೆ ಬರುತ್ತಿತ್ತು, ಅವನಿಗೆಂದೇ ಬೇರೆ ಇಟ್ಟ ತಟ್ಟೆಯಲ್ಲಿ. ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿತ್ತು.

ಆ ದಿನ ತೋಡುತ್ತಿದ್ದ ಗುಂಡಿ ಜಿರಿಯಸ್ ಮಾಸ್ತರರದು. ಪ್ಯಾಲೆಸ್ತೀನಿನ ಕ್ರಿಸ್ತುವರು, ಒಳನಾಡಿನ ರುಸ್ತಾಕಿನ ಶಾಲೆಯಲ್ಲಿ ಹದಿನೈದು ವರ್ಷ ಲೆಕ್ಕ ಕಲಿಸಿದವರು. ನಿವೃತ್ತರಾದ ಮೇಲೆ ಮಸ್ಕತ್ತಿನ ಹಮ್ರಿಯಾದಲ್ಲಿ ಮಗಳು ಲೈಲಾಳ ಮನೆಯಲ್ಲಿದ್ದರು. ಅವಳೂ ಟೀಚರು. ಅಲ್ಲಿ ವಾರದ ರಜೆ ಶುಕ್ರವಾರ, ಪೂಜೆಯೂ ಅಂದೇ. ಮಾಸ್ತರರು ಗಂಟೆ ಹೊತ್ತು ಮೊದಲೇ ಬಂದು ಅಂಗಳದ ಬೆಂಚಿನಲ್ಲಿ ಕೂರುತ್ತಿದ್ದರು. ಮೊದಲ ದಿನವೇ ಕೊಗ್ಗನನ್ನು ಕರೆದು ಕೇಳಿದ್ದು ಒಂದೇ ಮಾತು: ನಿನ್ನ ಊರಿನ ಹೆಸರೇನು?

ಇಂಡಿಯಾ ಎಂದ ಕೊಗ್ಗ. ಅದಲ್ಲ, ಊರು, ಎಂದರು ಮಾಸ್ತರರು. ಮಂಗಳೂರು ಎಂದ. ಅದೂ ಅಲ್ಲ, ನೀನು ಹುಟ್ಟಿದ ಊರು.

"ಪಾಲೆದಡಿ," ಎಂದ ಕೊಗ್ಗ.

ಮಸ್ಕತ್ತಿಗೆ ಬಂದ ಹತ್ತು ವರ್ಷದಲ್ಲಿ ಆ ಹೆಸರನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅರಬ್ಬಿ ನಾಲಿಗೆಗೆ 'ಪ' ಬಾರದು. ಮುದುಕ ಬಾಲೆದದಿ, ಬಾಲೆದಡಿ ಎಂದು ನಾಲ್ಕೈದು ಸಲ ಹೇಳಿ ನೋಡಿದರು. ಆಮೇಲೆ ಎದೆ ಮುಟ್ಟಿಕೊಂಡು ಹೇಳಿದರು: "ನಾನು ಅಲ್ ಬಸ್ಸಾದವನು."

ಪಾಲೆದಡಿ ಎಂದರೆ ಒಂದು ಗುಡ್ಡದ ತಪ್ಪಲಿನ ಆರು ಗುಡಿಸಲು, ಅಷ್ಟೆ. ಉಳುವವನಿಗೇ ಭೂಮಿ ಎಂಬ ಕಾನೂನು ಬಂದ ವರ್ಷ, ಎಲ್ಲಿ ಇವರೂ ಅರ್ಜಿ ಹಾಕಿಯಾರೋ ಎಂದು ಧಣಿಗಳ ಆಳುಗಳು ಹಾಡಹಗಲೇ ಬಂದು ಆರಕ್ಕೂ ಬೆಂಕಿ ಕೊಟ್ಟಿದ್ದರು. ಈಗ ಅಲ್ಲಿ ಗೇರುತೋಟ ಉಂಟು, ಮುಳ್ಳುಬೇಲಿ ಉಂಟು. ಯಾವ ಜಾಗದ ಪಟ್ಟೆಯಲ್ಲೂ ಪಾಲೆದಡಿ ಎಂಬ ಹೆಸರಿಲ್ಲ.

ಸಂಜೆ ಹೆಣ ಬಂತು. ಇಪ್ಪತ್ತು ಮಂದಿ ಇದ್ದಿರಬಹುದು. ಮಂತ್ರ ಮುಗಿದ ಮೇಲೆ ಚರ್ಚಿನ ಫಾದರ್ ಬಾಸಿಲ್ ಪುಸ್ತಕ ಮುಚ್ಚಿ ಇಂಗ್ಲಿಷಿನಲ್ಲಿ ಮಾತಾಡಿದರು. ಸತ್ತವರಿಗೆ ಹುಟ್ಟಿದೂರಿನ ಮಣ್ಣು ಸಿಗಲಿಲ್ಲ ಎಂದರು. ನಲವತ್ತೆಂಟರ ಯುದ್ಧದಲ್ಲಿ ಪ್ಯಾಲೆಸ್ತೀನಿನ ಅಲ್ ಬಸ್ಸಾದವರನ್ನೆಲ್ಲ ಅಟ್ಟಿದರು, ಮರಳಿ ಬಿಡಲಿಲ್ಲ, ಇದನ್ನೇ ಕಲ್ಲಿನ ಮೇಲೂ ಬರೆಸುತ್ತೇನೆ ಎಂದರು. ಗ್ಲಾಡ್ವಿನ್ ಪೊರ್ಬುಗಳ ಮುಖ ಗಟ್ಟಿಯಾದದ್ದನ್ನು ಕೊಗ್ಗ ಸಲಿಕೆ ಊರಿಕೊಂಡು ನೋಡುತ್ತಿದ್ದ.

ಫಾದರ್ ಮೇಲಿನ ಸಿಟ್ಟು ಅಂದಿನದಲ್ಲ. ಗಾಜಾದಲ್ಲಿ ಕಲ್ಲೆಸೆದ ಹುಡುಗರ ಮೇಲೆ ಸೈನಿಕರು ಗುಂಡು ಹಾರಿಸತೊಡಗಿದ ಮೇಲೆ ಪ್ರತಿ ಶುಕ್ರವಾರ ಅವರು ಸತ್ತವರ ಹೆಸರು ಓದುತ್ತಿದ್ದರು. ಜೆರುಸಲೇಮಿನ ಧರ್ಮಗುರುಗಳು ಬರೆದ ಪತ್ರವನ್ನು ಪೂಜೆಯ ನಡುವೆ ಓದಿ, ಬಾಗಿಲಲ್ಲಿ ಮೇಜು ಹಾಕಿ ಸಹಿ ಕೇಳಿದ್ದರು. ಸಹಿ ಹಾಕಿದವರು ಹೆಚ್ಚಿನವರು ಅಡುಗೆಯವರು, ಆಯಾಗಳು, ಡ್ರೈವರುಗಳು.

ಮಾಸ್ತರರ ಕಲ್ಲು ಕೆತ್ತಲು ಕೊಗ್ಗನಿಗೆ ಹನ್ನೊಂದು ದಿನ ಹಿಡಿಯಿತು. ಫಾದರ್ ಮತ್ತು ಲೈಲಾ ಕೂತು ಅರಬ್ಬಿಯಲ್ಲಿ ಎರಡೇ ಸಾಲು ಬರೆದುಕೊಟ್ಟಿದ್ದರು. ಒಂದರಲ್ಲಿ ಮಾಸ್ತರರ ಹೆಸರು. ಇನ್ನೊಂದರಲ್ಲಿ, 'ಅಲ್ ಬಸ್ಸಾದವನು. ಅಲ್ಲಿಂದ ಅಟ್ಟಿದರು, ಮರಳಿ ಬಿಡಲಿಲ್ಲ.' ಕೊಗ್ಗನಿಗೆ ಯಾವ ಭಾಷೆಯ ಅಕ್ಷರವೂ ಬಾರದು, ಬರೆದುಕೊಟ್ಟದ್ದನ್ನು ನೋಡಿ ಹಾಗೇ ಕೆತ್ತುವವನು. ಲೈಲಾ ದಿನಾ ಶಾಲೆ ಬಿಟ್ಟು ಬಂದು, ಒಂದೊಂದು ಅಕ್ಷರದ ಬಳುಕನ್ನೂ ಬೆರಳಿನಿಂದ ತೋರಿಸಿ, ಇದು 'ಬ', ಅಡಿಯಲ್ಲಿ ಒಂದು ಚುಕ್ಕಿ ಮರೆಯಬೇಡ, ಎನ್ನುತ್ತಿದ್ದಳು. ಇಬ್ಬರದೂ ಮುರುಕು ಮಾತು, ಅರ್ಧ ಅರಬ್ಬಿ, ಅರ್ಧ ಹಿಂದಿ. ಹನ್ನೊಂದನೆಯ ದಿನ ಕೊಗ್ಗ ಎರಡೂ ಸಾಲನ್ನು ಕಣ್ಣು ಮುಚ್ಚಿ ಬೆರಳಾಡಿಸಿಯೇ ಹೇಳಬಲ್ಲವನಾಗಿದ್ದ.

ಈಸ್ಟರಿನ ಮರುವಾರ ಕಮಿಟಿ ಕೂತಿತು. ಕೊಗ್ಗ ಹೊರಗೆ ಕಿಟಕಿಯ ಗಾಜು ಒರೆಸುತ್ತಿದ್ದ. ಒಳಗಿನವರು ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ಅವನಿಗೆ ಕೊಂಕಣಿ ತಿಳಿಯುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ.

"ಫಾದರ್, ನೀವು ಪೂಜೆ ಮಾಡಿ, ನಾವು ಬೇಡ ಹೇಳುದಿಲ್ಲ. ಈ ಪ್ಯಾಲೆಸ್ತೀನು ನಮಗೆ ಎಂತಕ್ಕೆ?" ಗ್ಲಾಡ್ವಿನ್ ಪೊರ್ಬುಗಳ ದನಿ. "ಮುಂದಿನ ಬೆಂಚಿನ ಅಮೆರಿಕದವರು ಎದ್ದುಹೋದ್ರು. ನಮ್ಮ ಕಂಪನಿಗೆ ಕೆಲಸ ಕೊಡುವವರು ಅವರು. ಈ ಟೈಮಲ್ಲಿ ಅದೊಂದು ಕಾಂಟ್ರಾಕ್ಟ್ ಹೋದ್ರೆ ಎಲ್ಲರೂ ಊರಿಗೆ ಗಂಟು ಕಟ್ಟಬೇಕು."

"ಯೇಸು ಹುಟ್ಟಿದ ನೆಲದಲ್ಲಿ ಮಕ್ಕಳ ಕೈ ಮುರಿತಾ ಇದ್ದಾರೆ, ಗ್ಲಾಡ್ವಿನ್. ಅದನ್ನು ಬಿಟ್ಟು ನಾನು ಯಾವ ವಿಷಯದಲ್ಲಿ ಪ್ರಸಂಗ ಮಾಡುದು?"

"ಪಾಪದ ವಿಷಯ ಮಾಡಿ. ಕುಡಿತದ ವಿಷಯ ಮಾಡಿ. ಪೊಲಿಟಿಕ್ಸ್ ಬೇಡ."

"ಇದು ಪಾಪವೇ."

ಗ್ಲಾಡ್ವಿನ್ ಪೊರ್ಬುಗಳು ಮೆಲ್ಲಗೆ ಹೇಳಿದರು: "ನಾವು ಮೇಲಿನವರಿಗೆ ಬರೆದಾಗಿದೆ, ಫಾದರ್. ನಿಮಗೆ ರೆಸ್ಟ್ ಬೇಕು ಅಂತ."

ಹತ್ತು ದಿನದಲ್ಲಿ ಫಾದರ್ ಬಾಸಿಲ್ ಊರಿಗೆ ಹೊರಟರು. ಬೆಳಿಗ್ಗೆ ಪೆಟ್ಟಿಗೆ ಹೊರಲು ಬಂದ ಕೊಗ್ಗನ ಕೈ ಹಿಡಿದು ಮೆಟ್ಟಿಲಲ್ಲೇ ಕೂತುಬಿಟ್ಟರು.

"ಮೂರು ವರ್ಷ ಇಲ್ಲೇ ಇದ್ದೆ, ಕೊಗ್ಗ. ನಿನ್ನ ಪಾಸ್‌ಪೋರ್ಟು ಎಲ್ಲುಂಟು ಅಂತ ಕೇಳಲಿಲ್ಲ. ಹಿಂಬಾಗಿಲಲ್ಲಿ ಉಣ್ಣುದನ್ನು ನೋಡಿದ್ದೆ, ಸುಮ್ಮನಿದ್ದೆ. ದೂರದವರ ಬಗ್ಗೆ ಮಾತಾಡಿದೆ."

"ಅವರದ್ದಾದ್ರೂ ಮಾತಾಡಿದ್ರಲ್ಲ, ಪಾದರ್," ಎಂದ ಕೊಗ್ಗ. "ಇಲ್ಲಿ ಯಾರು ಯಾರದ್ದು ಮಾತಾಡ್ತಾರೆ?"

ಫಾದರ್ ಕನ್ನಡಕ ತೆಗೆದು ನಿಲುವಂಗಿಯ ಅಂಚಿನಿಂದ ಒರೆಸಿಕೊಂಡರು. ಟ್ಯಾಕ್ಸಿಯವನು ಹಾರ್ನ್ ಹಾಕಿದ.

ಅದೇ ಮಧ್ಯಾಹ್ನ ಗ್ಲಾಡ್ವಿನ್ ಪೊರ್ಬುಗಳು ಕ್ಯಾಬಿನ್ನಿಗೆ ಬಂದರು. ಹೊಸ್ತಿಲು ದಾಟಲಿಲ್ಲ.

"ಆ ಮಾಸ್ತರನ ಕಲ್ಲಿನಲ್ಲಿ ಎರಡು ಸಾಲುಂಟಲ್ಲ. ಹೆಸರೊಂದು ಇರಲಿ. ಇನ್ನೊಂದು ಶುಕ್ರವಾರದೊಳಗೆ ಹೋಗಬೇಕು. ಇಲ್ಲದಿದ್ರೆ ನೀನು ಹೋಗ್ತಿ. ನಿನ್ನ ಹೆಂಡ್ತಿ, ಆ ಎರಡು ಹೆಣ್ಣುಮಕ್ಕಳು ಊರಲ್ಲಿ ಮಣ್ಣು ತಿನ್ನಲಿ."

ಕೊಗ್ಗ ಹಮ್ರಿಯಾಕ್ಕೆ ನಡೆದೇ ಹೋದ. ಲೈಲಾ ಬಾಗಿಲು ತೆಗೆದು, ಅವನು ಬೇಡವೆಂದರೂ ಒಳಗೆ ಕುರ್ಚಿಯಲ್ಲಿ ಕೂರಿಸಿ, ಚಾ ಕೊಟ್ಟಳು. ಅವನು ವಿಷಯ ಹೇಳಿದ.

"ಅವರಲ್ಲಿ ಯಾರಿಗಾದರೂ ಅರಬ್ಬಿ ಓದಲು ಬರುತ್ತದೆಯೇ?" ಎಂದು ಕೇಳಿದಳು.

"ಒಬ್ರಿಗೂ ಇಲ್ಲ, ಟೀಚರಮ್ಮ."

"ಹಾಗಾದರೆ ಅಪ್ಪನ ಹೆಸರು ತೆಗೆ."

ಕೊಗ್ಗನಿಗೆ ತಾನು ಸರಿಯಾಗಿ ಕೇಳಲಿಲ್ಲ ಎನ್ನಿಸಿತು. ಲೈಲಾ ಬಿಡಿಸಿ ಹೇಳಿದಳು. "ಅಪ್ಪನ ಹೆಸರು ನನ್ನ ಕಾಗದಗಳಲ್ಲಿದೆ, ರುಸ್ತಾಕಿನ ಶಾಲೆಯ ರಿಜಿಸ್ಟರಿನಲ್ಲಿದೆ. ಬಸ್ಸಾದ ಹೆಸರು ಅಪ್ಪನ ಯಾವ ಕಾಗದದಲ್ಲೂ ಇಲ್ಲ. ಹುಟ್ಟಿದ ಊರು ಅನ್ನುವಲ್ಲಿ ಪ್ರತಿ ಆಫೀಸಿನವನೂ ಒಂದು ಗೆರೆ ಎಳೆದು ಬಿಟ್ಟಿದ್ದಾನೆ. ಅಪ್ಪ ಇದ್ದಿದ್ದರೆ ಇದನ್ನೇ ಹೇಳುತ್ತಿದ್ದರು." ಇಷ್ಟು ಹೇಳಿದವಳು ಸೆರಗಿನಂತಿದ್ದ ಕಪ್ಪು ಶಾಲನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಕೊಗ್ಗ ಚಾದ ಲೋಟ ತೊಳೆದಿಟ್ಟು ಹೊರಬಂದ.

ಮರುದಿನ ಬೆಳಿಗ್ಗೆ ಅವನು ಗೋರಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಮೊದಲ ಅಕ್ಷರಕ್ಕೆ ಉಳಿ ಇಟ್ಟು, ತೆಗೆದು, ಮತ್ತೆ ಇಟ್ಟ. "ಮಾಸ್ತರ್ರೇ, ಮಾಫ್ ಮಾಡಿ," ಎಂದುಕೊಂಡು ಪೆಟ್ಟು ಹಾಕತೊಡಗಿದ. ಹೊತ್ತು ನೆತ್ತಿಗೆ ಬರುವಾಗ ಹೆಸರಿದ್ದಲ್ಲಿ ಬಿಳಿಯ ತಗ್ಗು ಉಳಿದಿತ್ತು. ಹುಡಿಯನ್ನು ಊದಿ ಹಾರಿಸಲು ಮನಸ್ಸಾಗದೆ ಅಂಗೈಯಲ್ಲಿ ಬಳಿದು ಗೋರಿಯ ಬದಿಯಲ್ಲೇ ಸುರಿದ.

ಶುಕ್ರವಾರ ಕಮಿಟಿಯವರು ನಾಲ್ಕು ಮಂದಿ ಬಂದು ನೋಡಿದರು. ಎರಡು ಸಾಲಿನಲ್ಲಿ ಒಂದು ಹೋಗಿತ್ತು. ಅವರಿಗೆ ಅಷ್ಟು ಸಾಕಾಗಿತ್ತು. ಶಿಲುಬೆಯ ಗುರುತು ಮಾಡಿಕೊಂಡು ಕಾರು ಹತ್ತಿದರು. ಬೇಸಿಗೆಯಿಡೀ ಆ ಕಲ್ಲು ಹಾಗೇ ನಿಂತಿತ್ತು.

ನವೆಂಬರ್ ಎರಡು, ಸತ್ತವರ ಹಬ್ಬ. ಇಳಿಹೊತ್ತಿಗೆ ಎಲ್ಲರೂ ಹೂವು, ಮೇಣದಬತ್ತಿ ಹಿಡಿದು ಸ್ಮಶಾನಕ್ಕೆ ಬಂದಿದ್ದರು. ಕಂಪನಿಯಲ್ಲಿ ಹೊಸದಾಗಿ ಸೇರಿದ ಲೆಬನಾನಿನ ಇಂಜಿನಿಯರೊಬ್ಬ ಗೋರಿಗಳ ನಡುವೆ ಹಾಯುತ್ತ ಆ ಕಲ್ಲಿನ ಮುಂದೆ ನಿಂತುಬಿಟ್ಟ. ಗಟ್ಟಿಯಾಗಿ ಓದಿದ. ತಿರುಗಿ ಗ್ಲಾಡ್ವಿನ್ ಪೊರ್ಬುಗಳನ್ನು ಕೇಳಿದ, ಎಲ್ಲರಿಗೂ ಕೇಳುವಂತೆ, ಇಂಗ್ಲಿಷಿನಲ್ಲಿ: "ಹೆಸರಿಲ್ಲ. 'ಅಲ್ ಬಸ್ಸಾದವನು, ಅಲ್ಲಿಂದ ಅಟ್ಟಿದರು, ಮರಳಿ ಬಿಡಲಿಲ್ಲ' ಎಂದಷ್ಟೇ ಇದೆ. ಇದು ಯಾರು? ನನ್ನ ತಾಯಿಯ ಕಡೆಯವರು ಬಸ್ಸಾದವರು."

ಗ್ಲಾಡ್ವಿನ್ ಪೊರ್ಬುಗಳು ಆತ ಕಲ್ಲಿನ ಬುಡದಲ್ಲಿ ಬತ್ತಿ ಹಚ್ಚಿಟ್ಟು ಹೋಗುವ ತನಕ ಕಾದರು. ಜನ ಕರಗಿದ ಮೇಲೆ ಕೊಗ್ಗನ ಕುತ್ತಿಗೆಪಟ್ಟಿ ಹಿಡಿದು ಎಳೆತಂದರು.

"ರಂಡೆಮಗನೇ, ನನ್ನ ಕಣ್ಣಿಗೆ ಮಣ್ಣು ಹಾಕಿದಿಯಾ? ಓದು ಬಾರದ ಹೊಲೆಯ ನೀನು, ನನ್ನನ್ನು ಕೋತಿ ಮಾಡಿದಿ." ಕೆನ್ನೆಗೆ ಬಿಟ್ಟರು. "ತೆಗಿ ಅದನ್ನು. ಈಗ, ನನ್ನ ಎದುರಿಗೆ. ಇಲ್ಲದಿದ್ರೆ ನಾಳೆಗೆ ನಿನ್ನ ವೀಸಾ ಖಲಾಸ್."

ಕೊಗ್ಗ ಕ್ಯಾಬಿನ್ನಿಗೆ ಹೋಗಿ ಉಳಿ, ಸುತ್ತಿಗೆ ತಂದ. ಎರಡನ್ನೂ ಕಲ್ಲಿನ ನೆತ್ತಿಯ ಮೇಲೆ ಜೋಡಿಸಿಟ್ಟ.

"ಹೆಸರು ನಾನೇ ತೆಗ್ದೆ. ಊರು ನನ್ನ ಕೈಯಲ್ಲಿ ಆಗುದಿಲ್ಲ. ಬೇಕಾದ್ರೆ ನೀವೇ ತೆಗೀರಿ."

"ಎಂತ ಹೇಳಿದಿ?"

"ನೀವೇ ತೆಗೀರಿ."

ಗ್ಲಾಡ್ವಿನ್ ಪೊರ್ಬುಗಳು ಸುತ್ತ ನೋಡಿದರು. ಕರೆಯಲು ಬೇರೆ ಕಲ್ಲುಕುಟಿಗ ಯಾರೂ ಇರಲಿಲ್ಲ. ಎಲ್ಲರನ್ನೂ ಅವರೇ ವಿಮಾನ ಹತ್ತಿಸಿದ್ದರು. ಕೋಟು ಬಿಚ್ಚಿ ಪಕ್ಕದ ಗೋರಿಯ ಮೇಲೆ ಹಾಕಿದರು. ಮೊಣಕಾಲೂರಿ ಕೂತು, ಉಳಿಯನ್ನು ಪೆನ್ನಿನ ಹಾಗೆ ಹಿಡಿದು, ಸುತ್ತಿಗೆ ಎತ್ತಿದರು.

"ಹಾಗೆ ಹಿಡಿಬೇಡಿ," ಎಂದ ಕೊಗ್ಗ. "ಬೆರಳು ಹೋದೀತು."

ಹಿಡಿಯುವುದು ಹೇಗೆಂದು ಅವನು ತೋರಿಸಿಕೊಡಲಿಲ್ಲ. ಗೇಟಿನತ್ತ ನಡೆದ. ಹಿಂದೆ ಒಂದು ಪೆಟ್ಟು ಬಿತ್ತು. ಅದು ಕಲ್ಲಿಗೆ ಬಿತ್ತೋ ಕೈಗೆ ಬಿತ್ತೋ ಸದ್ದಿನಲ್ಲೇ ತಿಳಿಯುವಷ್ಟು ವರ್ಷ ಅವನು ಕಲ್ಲಿನ ಜೊತೆ ಕಳೆದಿದ್ದ. ತಿರುಗಿ ನೋಡದೆ ರಸ್ತೆಗೆ ಇಳಿದ.